ಹಸಿರೆಂದು ಬರೆದ ಬಣ್ಣ

೧೯೮೪ರಲ್ಲಿ ವಿಜಯನಗರ ಬಡಾವಣೆಯ ಸಕ್ಕರೆ ಕಾಯಿಲೆಯವರು ಮನೆಯಲ್ಲಿ ಬೆರಳು ಚುಚ್ಚಿ ರಕ್ತ ನೋಡಿಕೊಳ್ಳುತ್ತಿರಲಿಲ್ಲ. ಮೂತ್ರ ಕಾಯಿಸಿ ನೋಡುತ್ತಿದ್ದರು. ಟೆಸ್ಟ್ ಟ್ಯೂಬಿಗೆ ಒಂದು ಚಮಚ ನೀಲಿ ಔಷಧಿ, ಎಂಟು ಹನಿ ಮೂತ್ರ, ಕೆಳಗೆ ಸ್ಪಿರಿಟ್ ದೀಪ. ನೀಲಿಯಾಗಿಯೇ ಉಳಿದರೆ ಸಕ್ಕರೆಯಿಲ್ಲ, ಹಸಿರಾದರೆ ಸ್ವಲ್ಪ, ಇಟ್ಟಿಗೆ ಕೆಂಪಾದರೆ ಅಪಾಯ.

ಹೆಂಡತಿ ಜಗದಾಂಬಾಳ ಕಣ್ಣು ಮಂಜಾದ ಮೇಲೆ ಗುರುಸಿದ್ದಯ್ಯನವರೇ ಈ ಸೇವೆಗೆ ನಿಂತರು. ಲಿಂಗಪೂಜೆಯ ಮನೆ, ಒಳಗೆ ಅದನ್ನು ಕಾಯಿಸುವುದುಂಟೇ? ಹಿತ್ತಲ ಬಚ್ಚಲಲ್ಲಿ ಬಾಗಿಲು ಹಾಕಿಕೊಂಡು ಕಾಯಿಸುತ್ತಿದ್ದರು. "ಯಾರಿಗೂ ತೋರಿಸ್ಬೇಡಿ ರೀ, ನಾಚ್ಕೆ ಆಗುತ್ತೆ" ಎಂದು ಜಗದಾಂಬಾ ಹೇಳಿದ್ದಳು. ಅವರಿಗೂ ಅದೇ ಬೇಕಿತ್ತು.

ಹರೆಯದಲ್ಲಿ ರೈಲ್ವೆ ಕೆಲಸಕ್ಕೆ ಹೋದಾಗ ಡಾಕ್ಟರು ಬಣ್ಣದ ಚುಕ್ಕೆಗಳ ಪುಸ್ತಕ ತೋರಿಸಿ, ಇದು ಕೆಂಪು ಹಸಿರು ತಿಳಿಯದ ಕಣ್ಣು ಎಂದು ಅವರನ್ನು ವಾಪಸ್ಸು ಕಳಿಸಿದ್ದರು. ಗೊತ್ತಾದರೆ ಯಾರು ಹೆಣ್ಣು ಕೊಡುತ್ತಾರೆ ಎಂದು ಅಪ್ಪ ಬಾಯಿ ಕಟ್ಟಿದರು. ಮದುವೆಯಾಯಿತು, ದಾವಣಗೆರೆ ಬಿಟ್ಟು ಬಂದು ರಾಜಾಜಿನಗರದ ಕಾರ್ಖಾನೆಯಲ್ಲಿ ಗುಮಾಸ್ತರೂ ಆದರು. ಹಸಿಮೆಣಸಿನಕಾಯಿ ತರಲು ಹೋಗಿ ಹಣ್ಣಾದದ್ದನ್ನು ತಂದರೆ ಜಗದಾಂಬಾ, "ನಿಮ್ಮ ಧ್ಯಾನ ಎಲ್ಲಿರುತ್ತೆ?" ಎಂದು ನಗುತ್ತಿದ್ದಳು. ಜೊತೆಗೆ ಅವರೂ ನಗುತ್ತಿದ್ದರು.

ಟ್ಯೂಬಿನಲ್ಲೂ ನೀಲಿ ಮಾತ್ರ ಅವರಿಗೆ ಸ್ಪಷ್ಟ. ಉಳಿದದ್ದೆಲ್ಲ ಒಂದೇ ಮಸುಕು. ಆ ಮಸುಕನ್ನು ಪ್ರತಿ ಬಾರಿಯೂ ನೋಟ್‌ಬುಕ್ಕಿನಲ್ಲಿ 'ಹಸಿರು' ಎಂದು ಬರೆದರು. "ಹಸಿರು ಕಣೇ" ಎಂದರೆ ಅವಳ ಮುಖ ಅರಳುತ್ತಿತ್ತು. "ಹಂಗಾದ್ರೆ ಒಂದು ಚೂರು ಹೋಳಿಗೆ ತಿನ್ಲಾ?" ಎನ್ನುತ್ತಿದ್ದಳು. ಡಾಕ್ಟರೂ ಆ ನೋಟ್‌ಬುಕ್ಕನ್ನೇ ನಂಬಿ ಹಳೆಯ ಮಾತ್ರೆ ಮುಂದುವರಿಸಿದರು. ಎಂಥ ಮನುಷ್ಯನಪ್ಪ ಎಂದು ನನಗೂ ಸಿಟ್ಟು ಬರುತ್ತದೆ. ಆದರೆ ಮೂವತ್ತು ವರ್ಷದ ಸುಳ್ಳು ಬಾಯಲ್ಲಿಟ್ಟ ಬಿಸಿತುಪ್ಪ. ನುಂಗಲೂ ಆಗದು, ಉಗುಳಲೂ ಆಗದು.

ಎರಡನೇ ವರ್ಷ ಅವಳ ಕಾಲ್ಬೆರಳಿನಲ್ಲಿ ಎದ್ದ ಹುಣ್ಣು ಮಾಯಲಿಲ್ಲ. ಒಂದು ಬೆಳಿಗ್ಗೆ ಅವಳು ಕರೆದರೂ ಸರಿಯಾಗಿ ಕಣ್ಣು ಬಿಡಲಿಲ್ಲ. ಪಕ್ಕದ ಮನೆಯ ಲಿಂಗಮ್ಮ ಓಡಿ ಬಂದಾಗ ಗುರುಸಿದ್ದಯ್ಯ ಟ್ಯೂಬು ಹಿಡಿದೇ ಬಚ್ಚಲಿನಿಂದ ಹೊರಬಂದರು.

"ಗಾಬರಿಯಿಲ್ಲ ಲಿಂಗಮ್ಮನವ್ರೇ, ಸಕ್ಕರೆ ಇವತ್ತೂ ಹಸಿರೇ ಇದೆ."

"ಯಾವ ಹಸಿರು ಸಾರ್? ಇಟ್ಟಿಗೆ ಪುಡಿ ಕಲಸಿದಂಗಿದೆಯಲ್ಲ!"

ಅವರ ಕೈಯಿಂದ ಟ್ಯೂಬು ಜಾರಿ ಕಲ್ಲಿನ ಮೇಲೆ ಒಡೆಯಿತು. ಆಸ್ಪತ್ರೆಯಲ್ಲಿ ಜಗದಾಂಬಾ ನಾಲ್ಕು ದಿನವಿದ್ದಳು. ನಡುವೆ ಒಮ್ಮೆ ಎಚ್ಚರವಾದಾಗ, "ಇವತ್ತು ಯಾವ ಬಣ್ಣ ರೀ?" ಎಂದು ಕೇಳಿದಳು. ನಿಜ ಹೇಳಬೇಕೆಂದು ಬಾಯಿ ತೆರೆದವರು ಅವಳ ಮುಖ ನೋಡಿ, "ಹಸಿರು ಕಣೇ" ಎಂದರು. ಅವಳು ಅವರ ಕೈ ಹಿಡಿದುಕೊಂಡು ಮತ್ತೆ ಕಣ್ಣು ಮುಚ್ಚಿದಳು.

ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಹೇಳುವವರಿಗೇನು! ಅವಳು ತೀರಿಕೊಂಡ ಮರುವರ್ಷ ಗುರುಸಿದ್ದಯ್ಯನವರಿಗೂ ಮೂತ್ರ ನೋಡಿಕೊಳ್ಳಲು ಡಾಕ್ಟರು ಹೇಳಿದರು. ಅವರು ಕಾಯಿಸಿದ ಟ್ಯೂಬನ್ನು ಹಿಡಿದು ನೇರ ಲಿಂಗಮ್ಮನ ಕಾಂಪೌಂಡಿನ ಬಳಿ ಹೋಗಿ ನಿಂತರು.

"ನನಗೆ ಬಣ್ಣ ಗೊತ್ತಾಗಲ್ಲಮ್ಮ. ಯಾವುದಿದೆ, ನೋಡಿ ಹೇಳ್ತೀರಾ?"

"ನೀಲಿ ಸಾರ್."

ನೀಲಿಯೆಂದು ಅವರಿಗೂ ಕಾಣುತ್ತಿತ್ತು. ಆದರೂ ಕೇಳಿದರು. ಕೇಳಿ, ಅಲ್ಲೇ ಗೋಡೆ ಹಿಡಿದುಕೊಂಡು ಅತ್ತರು.