ಅಂಗಳದಲ್ಲಿ ನಿಂತೇ ಓಡಿದ ಗಾಡಿ

ಕರೋನಾ ಅಡಗಿದ ಮೇಲಿನ ಎರಡನೆಯ ಬೇಸಿಗೆ ಅದು. ಆಗ ನನ್ನ ಗ್ಯಾರೇಜು ಜತ್ತದ ಹೊರಗೆ, ಮುಚ್ಚಂಡಿಗೆ ಹೋಗುವ ರಸ್ತೆಯ ಮೇಲಿತ್ತು. ಕಾರು, ಜೀಪುಗಳ ಮಿಸ್ತ್ರಿಯಾಗಿ ನಾನು ಅರ್ಧ ಆಯುಷ್ಯ ಕಳೆದದ್ದು ಅಲ್ಲಿಯೇ. ಆದರೆ ಗ್ಯಾರೇಜಿನಲ್ಲಿ ಮಾಡಿದ್ದಕ್ಕಿಂತ ಹೆಚ್ಚಿನ ಕೆಲಸವನ್ನು ನಾನು ಜನರ ಮನೆಯಂಗಳದಲ್ಲಿ ಮಾಡಿದ್ದೇನೆ. ಹೊಲಗಳ ನಡುವಿನ ಮನೆಗಳಲ್ಲಿ, ವಸ್ತಿಯ ಮೇಲೆ ಕೆಟ್ಟು ನಿಂತ ಗಾಡಿ ತಾನಾಗಿ ಗ್ಯಾರೇಜಿಗೆ ಬರುವುದಿಲ್ಲ. ಪಾನಾ, ಸುತ್ತಿಗೆ ಕಟ್ಟಿಕೊಂಡು ನಾವೇ ಹೋಗಬೇಕು.

ನನ್ನ ಗಿರಾಕಿ, ಉಟಗಿಯ ಮಹಾದೇವಿಯ ಫೋನು ಬಂದದ್ದು ಬೆಳಕು ಹರಿಯುವ ಹೊತ್ತಿಗೆ. ಹಿಂದಿನ ಸಂಜೆ ನಮ್ಮ ಭಾಗದಲ್ಲಿ ಭಾರಿ ಗಾಳಿಮಳೆಯಾಗಿತ್ತು. ಬೇವು, ಜಾಲಿಯ ಮರಗಳು ರಸ್ತೆಗೆ ಅಡ್ಡ ಬಿದ್ದಿದ್ದವು, ವಿದ್ಯುತ್ ಕಂಬಗಳೂ ಉರುಳಿದ್ದವು. ಫೋನಿನಲ್ಲಿ ಆಕೆಯ ಮಾತಿಗಿಂತ ಮೊದಲು ನನಗೆ ಕೇಳಿಸಿದ್ದು ಇಂಜಿನ್ನಿನ ಕೀರಲು ಕೂಗು.

“ಮಿಸ್ತ್ರಿ ಅಣ್ಣಾ, ಬೆಲ್ಟ್ ಒದರಾಕತ್ತೈತ್ರಿ. ಗಾಡಿ ಬಂದ್ ಮಾಡಂಗಿಲ್ಲ. ಇವರ ಮಷೀನ ಅದರ ಮ್ಯಾಲೆ ನಡದೈತಿ.”

ಇವರು ಅಂದರೆ ಆಕೆಯ ಗಂಡ ಸಿದ್ದಪ್ಪ. ಬಾವಿ ತೋಡುವಲ್ಲಿ ಬಂಡೆಗೆ ತೂತು ಕೊರೆಯುವ ಕೆಲಸದಲ್ಲಿ ಹರೆಯ ಕಳೆದವರು. ಕಲ್ಲಿನ ಧೂಳು ಶ್ವಾಸಕೋಶದಲ್ಲಿ ಇಳಿದು ಗಟ್ಟಿಯಾಗಿತ್ತು. ಐವತ್ತು ದಾಟುವ ಮೊದಲೇ ಕಾನ್ಸೆಂಟ್ರೇಟರ್ ಇಲ್ಲದೆ ಉಸಿರಾಡಲಾಗದ ಸ್ಥಿತಿ. ಸುತ್ತಲಿನ ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸಿ ಮೂಗಿಗೆ ಕೊಡುವ ಯಂತ್ರ ಅದು. ಕರೆಂಟಿಲ್ಲದೆ ನಡೆಯುವುದಿಲ್ಲ. ಗಂಡನನ್ನು ಮಿರಜಿನ ಆಸ್ಪತ್ರೆಗೆ ಕರೆದೊಯ್ಯಲೆಂದು ಮಹಾದೇವಿ ಒಂದು ಹಳೆಯ ಡೀಸೆಲ್ ಕಾರು ಕೊಂಡು, ಹೊಲಿಗೆ ಕೆಲಸದ ನಡುವೆಯೇ ಡ್ರೈವಿಂಗ್ ಕಲಿತಿದ್ದಳು. ಆ ರಾತ್ರಿ ಮನೆಯ ಇನ್ವರ್ಟರಿನ ಬ್ಯಾಟರಿ ಮುಗಿದಾಗ ಆಕೆ ಕಾರನ್ನು ಕಿಟಕಿಯ ಹತ್ತಿರ, ಹೊಗೆ ಬಯಲಿನ ಕಡೆಗೆ ಹೋಗುವಂತೆ ನಿಲ್ಲಿಸಿ, ಇನ್ವರ್ಟರಿನ ತಂತಿಗಳನ್ನು ಕಾರಿನ ಬ್ಯಾಟರಿಗೆ ಜೋಡಿಸಿ ಇಂಜಿನ್ ಚಾಲೂ ಇಟ್ಟಿದ್ದಳು. ಇದನ್ನು ಆಕೆಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅಂಬ್ಯುಲೆನ್ಸಿಗೂ ಫೋನು ಹೋಗಿತ್ತು. ಮರ ತೆಗೆಯದೆ ನಾಲ್ಕು ಗಾಲಿಯ ಯಾವ ಗಾಡಿಯೂ ಉಟಗಿ ಮುಟ್ಟುವಂತಿರಲಿಲ್ಲ. ನಾನು ಆ ಕಾರಿಗೆ ಹೊಂದುವ ಬೆಲ್ಟ್ ತೆಗೆದುಕೊಂಡು, ಪಾನಾಗಳ ಚೀಲ ಹೆಗಲಿಗೆ ಹಾಕಿಕೊಂಡು ಮೋಟರ್ ಸೈಕಲ್ ಹತ್ತಿದೆ. ರಸ್ತೆ ಬಿಟ್ಟು ಹೊಲದ ಬದುವಿನ ಮೇಲೆ, ಕೆಸರಿನಲ್ಲಿ ಎರಡು ಸಲ ಬಿದ್ದೆದ್ದು ಹೋದೆ.

ನಾನು ಮುಟ್ಟುವ ಹೊತ್ತಿಗೆ ಕೂಗು ನಿಂತಿತ್ತು. ಬೆಲ್ಟ್ ಹರಿದು ಚೂರಾಗಿತ್ತು.

ಇಲ್ಲಿ ಒಂದು ಮಾತು ವಿವರಿಸಬೇಕು. ಇಂಜಿನ್ನಿನ ಒಂದು ಬದಿಗೆ ಕೆಲವು ಚಿಕ್ಕ ಗಾಲಿಗಳಿರುತ್ತವೆ, ಅವೇ ಪುಲ್ಲಿಗಳು. ಇಂಜಿನ್ ತಿರುಗಿಸುವ ಪುಲ್ಲಿಯಿಂದ ಉಳಿದ ಪುಲ್ಲಿಗಳಿಗೆ ಸುತ್ತು ಸಾಗಿಸುವ ರಬ್ಬರ್ ಪಟ್ಟಿಯೇ ಡ್ರೈವ್ ಬೆಲ್ಟ್. ವಿದ್ಯುತ್ ತಯಾರಿಸುವ ಆಲ್ಟರ್ನೇಟರ್, ಇಂಜಿನ್ನಿಗೆ ನೀರು ಸುತ್ತಿಸುವ ಪಂಪು ಎರಡೂ ಇದರ ಮೇಲೆಯೇ ನಡೆಯುತ್ತವೆ. ಬೆಲ್ಟ್ ಹರಿದರೆ ಬ್ಯಾಟರಿಗೆ ಚಾರ್ಜ್ ಇಲ್ಲ, ಇಂಜಿನ್ ಕಾದು ಕೆಂಡವಾಗುತ್ತದೆ. ಹಾಗೆ ಕಾಯತೊಡಗಿದಾಗ ಮಹಾದೇವಿ ಇಂಜಿನ್ ಬಂದ್ ಮಾಡಿದ್ದಳು. ಪಕ್ಕದ ವಸ್ತಿಯ ಬೀರಪ್ಪ ತನ್ನ ಟ್ರ್ಯಾಕ್ಟರಿನ ಬ್ಯಾಟರಿ ಹೊತ್ತು ತಂದು ಇನ್ವರ್ಟರಿಗೆ ಜೋಡಿಸಿದ್ದ.

“ಟ್ರ್ಯಾಕ್ಟರನ ಚಾಲೂ ಮಾಡಿ ತಂದು ನಿಲ್ಲಸ್ಬಾರದೇನಪಾ?” ಎಂದೆ.

“ಅದರ ಚಾರ್ಜಿಂಗ್ ಸತ್ತು ಭಾಳ ದಿನಾ ಆತ್ರಿ ಕಾಕಾ. ಇಳಕಲಕ್ಕ ದೂಡಿ ಚಾಲೂ ಮಾಡತೀನಿ. ಈ ಬ್ಯಾಟರೀನ ಮೊನ್ನೆ ಹೊರಗ ಚಾರ್ಜ್ ಮಾಡಿಸಿ ತಂದಿದ್ದೆ, ಆದ್ರ ಇದೂ ಮುದಿ ಐತಿ.”

ಕಿಟಕಿಯಿಂದ ಸಿದ್ದಪ್ಪ ಕಾಣುತ್ತಿದ್ದರು. ಹಾಸಿಗೆಯ ಮೇಲೆ ಮುಂದಕ್ಕೆ ಬಾಗಿ, ಎರಡೂ ಕೈ ಊರಿ ಕುಳಿತಿದ್ದರು. ಪ್ರತಿ ಉಸಿರಿಗೂ ಕುತ್ತಿಗೆಯ ನರ ಹುರಿಯಾಗುತ್ತಿತ್ತು. ನನ್ನನ್ನು ನೋಡಿ ತುಂಡು ತುಂಡಾಗಿ ಮಾತಾಡಿದರು.

“ಮಿಸ್ತ್ರಿ... ಮೊದಲ ಯಾಕ... ತೋರಸ್ಲಿಲ್ಲಂತ... ಇಕೀಗೆ ಬಯ್ಯಬ್ಯಾಡ್ರಿ.”

ಬಾನೆಟ್ಟಿನ ಒಳಗೆ ತಲೆ ಹಾಕಿದೆ.

ಹೊಸ ಬೆಲ್ಟ್ ಏರಿಸುವ ಮೊದಲು ಪ್ರತಿ ಪುಲ್ಲಿಯನ್ನೂ ಕೈಯಿಂದ ತಿರುಗಿಸಿ ನೋಡುವುದು ನಮ್ಮ ಕಸುಬಿನ ರೂಢಿ. ಆಲ್ಟರ್ನೇಟರ್ ಚಲೋ ತಿರುಗಿತು. ನೀರಿನ ಪಂಪೂ ತಿರುಗಿತು. ಐಡ್ಲರ್ ಮಾತ್ರ ಮಿಸುಕಲಿಲ್ಲ. ಐಡ್ಲರ್ ಎಂದರೆ ತಾನೇನೂ ಕೆಲಸ ಮಾಡದೆ, ಬೆಲ್ಟನ್ನು ಬಿಗಿಯಾಗಿ, ನೆಟ್ಟಗೆ ಹಿಡಿದಿಡುವ ಪುಲ್ಲಿ. ಅದರ ಬೇರಿಂಗ್ ಒಳಗೇ ಸುಟ್ಟು ಹಿಡಿದುಕೊಂಡಿತ್ತು. ನಿಂತ ಪುಲ್ಲಿಯ ಮೇಲೆ ಉಜ್ಜಿ ಉಜ್ಜಿಯೇ ಹಳೆಯ ಬೆಲ್ಟ್ ಹರಿದಿತ್ತು. ಹೊಸದನ್ನು ಹಾಕಿದರೆ ಅದರ ಗತಿಯೂ ಅದೇ. ನನ್ನ ಚೀಲದಲ್ಲಿ ಬೆಲ್ಟ್ ಇತ್ತು, ಐಡ್ಲರ್ ಇರಲಿಲ್ಲ. ಜತ್ತಕ್ಕೆ ಹೋಗಿ ಬರುವಷ್ಟು ಹೊತ್ತು ಆ ಬ್ಯಾಟರಿ ಬದುಕುವಂತಿರಲಿಲ್ಲ.

ಎಷ್ಟೋ ಇಂಜಿನ್ ಬಿಚ್ಚಿದ ಕೈಗಳು ನನ್ನವು. ಆದರೆ ಅದುವರೆಗೆ ನಾನು ಬಿಚ್ಚಿದ ಯಾವ ಗಾಡಿಯ ಹಿಂದೆಯೂ ಒಬ್ಬ ಮನುಷ್ಯನ ಉಸಿರಿನ ಸದ್ದು ಕೇಳುತ್ತಿರಲಿಲ್ಲ.

ಪುಲ್ಲಿಯನ್ನು ಬಿಚ್ಚಿ ತಂದು, ಬೇರಿಂಗಿನ ಮೇಲಿನ ಜಿಡ್ಡು ಒರೆಸಿ ನಂಬರ್ ಓದಿದೆ. ಆರುಸಾವಿರದ ಇನ್ನೂರಾ ಮೂರು. ಇದು ಕಾರಿಗೆಂದೇ ಮಾಡಿದ ಬೇರಿಂಗ್ ಅಲ್ಲ, ಚಿಕ್ಕ ಮೋಟರುಗಳಲ್ಲೂ ಇದನ್ನೇ ಹಾಕಿರುತ್ತಾರೆ. ಮಹಾದೇವಿ ಮನೆಯ ಫ್ಯಾನು ತೋರಿಸಿದಳು. ಅದರದು ಇನ್ನೂ ಚಿಕ್ಕದು. ನನ್ನ ಮೋಟರ್ ಸೈಕಲ್ಲಿನ ಗಾಲಿಯದು ಬೇರೆ ಅಳತೆ.

“ಬೀರಪ್ಪಾ, ನಿಮ್ಮಲ್ಲಿ ಕಡಬಾ ಕುಟ್ಟೂ ಮಷೀನ ಐತಲ್ಲ, ಅದರ ಮೋಟರ್ ಬಿಚ್ಚಬೇಕಾಗ್ತೈತಿ.”

“ಬಿಚ್ಚರಿ. ಕರೆಂಟ ಇಲ್ದ ಅದೇನ ಕುಟ್ಟತೈತಿ?” ಎಂದು ಆತ ಓಡಿಯೇಬಿಟ್ಟ. ಕುರಿಗಳಿಗೆ ಮೇವು ಕತ್ತರಿಸುವ ಯಂತ್ರದ ಆ ಮೋಟರನ್ನು ಇಬ್ಬರೂ ಸೇರಿ ಹೊತ್ತು ತಂದೆವು. ಒಂದು ಬದಿಯ ಬೇರಿಂಗ್ ದೊಡ್ಡದು. ಇನ್ನೊಂದು ಬದಿಯ ಮುಚ್ಚಳ ತೆಗೆದಾಗ ನನಗೆ ಬೇಕಾದ ನಂಬರ್ ಕಂಡಿತು.

ಆದರೆ ಅದು ತುಕ್ಕು ಹಿಡಿದು ಶಾಫ್ಟಿಗೆ ಕಚ್ಚಿಕೊಂಡಿತ್ತು. ಬೇರಿಂಗ್ ಎಳೆಯುವ ಪುಲ್ಲರಿನ ಕೊಂಡಿ ಮತ್ತೆ ಮತ್ತೆ ಜಾರಿತು. ಸುತ್ತಿಗೆಯಿಂದ ಹೊಡೆದು ತೆಗೆಯಬಹುದಿತ್ತು, ಹಾಗೆ ತೆಗೆದರೆ ಒಳಗಿನ ಗುಂಡುಗಳು ಹಾಳಾಗುತ್ತವೆ. ಅಷ್ಟರಲ್ಲಿ ಇನ್ವರ್ಟರ್ ಚೀರತೊಡಗಿತು. ಟ್ರ್ಯಾಕ್ಟರಿನ ಬ್ಯಾಟರಿ ಮುಗಿದಿತ್ತು. ಮಹಾದೇವಿ ತಂತಿಗಳನ್ನು ಕಾರಿನ ಬ್ಯಾಟರಿಗೆ ಬದಲಿಸಿದಳು.

ಬೇರಿಂಗ್ ಕೊನೆಗೆ ಕಳಚಿ ಬಂತು. ತಿರುಗಿಸಿ ನೋಡಿದೆ, ಸದ್ದಿಲ್ಲದೆ ತಿರುಗಿತು. ಐಡ್ಲರಿನ ಸುಟ್ಟ ಬೇರಿಂಗನ್ನು ಹೊಡೆದು ಹೊರಹಾಕಿದೆ, ಈಗ ಅದರೊಳಗೆ ಇದನ್ನು ಕೂಡಿಸಬೇಕು. ಅದಕ್ಕೆ ಒತ್ತಿ ಕೂಡಿಸುವ ಪ್ರೆಸ್ ಯಂತ್ರ ಬೇಕು, ಮನೆಯಲ್ಲಿ ಎಲ್ಲಿಂದ ಬರಬೇಕು? ಲೋಹ ಕಾದರೆ ಹಿಗ್ಗುತ್ತದೆ. ಮಹಾದೇವಿ ಗ್ಯಾಸಿನ ಒಲೆಯ ಮೇಲೆ ರೊಟ್ಟಿಯ ಹಂಚಿಟ್ಟು ಅದರ ಮೇಲೆ ಪುಲ್ಲಿಯನ್ನು ಕಾಯಿಸಿದಳು.

ಆಗ ನನಗೆ ಕಾರಿನ ಬ್ಯಾಟರಿಯ ನೆನಪಾಯಿತು. ವೋಲ್ಟ್‌ಮೀಟರ್ ಹಚ್ಚಿ ನೋಡಿದೆ. ಇನ್ನು ಸ್ವಲ್ಪ ಹೊತ್ತು ಹೀಗೆಯೇ ಕಾನ್ಸೆಂಟ್ರೇಟರ್ ನಡೆಸಿದರೆ ಗಾಡಿ ಚಾಲೂ ಮಾಡಲು ಶಕ್ತಿ ಉಳಿಯುವುದಿಲ್ಲ. ಕೆಸರು ತುಂಬಿದ ಅಂಗಳದಲ್ಲಿ ದೂಡಿ ಚಾಲೂ ಮಾಡುವಂತೆಯೂ ಇರಲಿಲ್ಲ. ಚಾಲೂ ಆಗದ ಗಾಡಿಗೆ ಹೊಸ ಬೆಲ್ಟ್ ಇದ್ದರೇನು, ಇಲ್ಲದಿದ್ದರೇನು?

“ತಂಗಿ, ಮಷೀನ ಬಂದ್ ಮಾಡಬೇಕಾಗ್ತೈತಿ,” ಎಂದೆ.

ಆಕೆ ನನ್ನ ಮುಖ ನೋಡಿದಳು. “ಸಿಲಿಂಡರ್ ತಳಾ ಹತ್ತೇತ್ರಿ ಅಣ್ಣಾ.” ಆಸ್ಪತ್ರೆಗೆ ಹೋಗುವಾಗ ದಾರಿಯಲ್ಲಿ ಬೇಕಾಗುತ್ತದೆಂದು ಇಟ್ಟ ಚಿಕ್ಕ ಸಿಲಿಂಡರ್ ಅದು. ಅದರ ಮೀಟರಿನ ಮುಳ್ಳು ಕೆಂಪು ಗೆರೆಯೊಳಗೆ ಬಿದ್ದಿತ್ತು.

“ಈಗ ಬಂದ್ ಮಾಡಿದ್ರ ಗಾಡಿ ಚಾಲೂ ಆಗ್ಬಹುದು. ಆಮ್ಯಾಗ ಆಗೂದಿಲ್ಲ.”

“ನೀವು ಖಾತ್ರಿ ಹೇಳ್ರಿ.”

“ಖಾತ್ರಿ ನನ್ನ ಹತ್ರ ಇಲ್ಲವ್ವಾ.”

ಆಕೆ ಅಳಲಿಲ್ಲ. ಒಳಗೆ ಹೋಗಿ ಗಂಡನ ಮೂಗಿನ ನಳಿಕೆಯನ್ನು ಸಿಲಿಂಡರಿಗೆ ಬದಲಿಸಿ, ಕಾನ್ಸೆಂಟ್ರೇಟರಿನ ಗುಂಡಿ ಒತ್ತಿದಳು. ಅದರ ಗುಂಯ್‌ಗುಡುವಿಕೆ ನಿಂತಿತು. ಮನೆಯೆಲ್ಲ ಒಮ್ಮೆಲೇ ಖಾಲಿಯಾದಂತೆ ನನಗೆ ಅನಿಸಿತು.

ಕಾದ ಪುಲ್ಲಿಯೊಳಗೆ ಬೇರಿಂಗ್ ಇಟ್ಟು, ಮೇಲೊಂದು ಕಟ್ಟಿಗೆ ತುಂಡಿಟ್ಟು ಮೆಲ್ಲಗೆ ಹೊಡೆದೆ. ಅರ್ಧ ಹೋಗಿ ಓರೆಯಾಗಿ ನಿಂತಿತು. ಓರೆ ಕೂತ ಬೇರಿಂಗ್ ಬೆಲ್ಟನ್ನು ಬದಿಗೆ ಸರಿಸಿ ಹರಿದುಹಾಕುತ್ತದೆ. ಹೊರಗೆ ತೆಗೆದೆ. ಪುಲ್ಲಿ ತಣ್ಣಗಾಗಿತ್ತು, ಮತ್ತೆ ಕಾಯಿಸಬೇಕಾಯಿತು. ಒಳಗಿನಿಂದ ಸಿದ್ದಪ್ಪನ ಉಸಿರು ಕೇಳುತ್ತಿತ್ತು. ಅದು ಉಸಿರಿನಂತಿರಲಿಲ್ಲ, ಮರ ಕೊಯ್ಯುವ ಗರಗಸದಂತಿತ್ತು. ನಡುನಡುವೆ ಆ ಸದ್ದು ನಿಲ್ಲುತ್ತಿತ್ತು. ಹಾಗೆ ನಿಂತಾಗೆಲ್ಲ ನನ್ನ ಸುತ್ತಿಗೆಯೂ ನಿಲ್ಲುತ್ತಿತ್ತು.

“ನೀವು ಹೊಡೀರಿ ಅಣ್ಣಾ, ಇತ್ತ ನೋಡಬ್ಯಾಡ್ರಿ!” ಎಂದು ಮಹಾದೇವಿ ಒಳಗಿನಿಂದಲೇ ಕೂಗಿದಳು.

ಎರಡನೆಯ ಸಲ ಬೇರಿಂಗ್ ನೆಟ್ಟಗೆ ಇಳಿಯಿತು. ಪುಲ್ಲಿ ಬಿಸಿಯಿದ್ದಾಗಲೇ ಬೋಲ್ಟ್ ಹಾಕಿದೆ, ಬೆರಳ ಚರ್ಮ ಸುಟ್ಟದ್ದು ಆಮೇಲೆ ಗೊತ್ತಾಯಿತು. ಬೆಲ್ಟ್ ಸುತ್ತಿಸಿ, ಅದರ ಗೆರೆಗಳು ಪುಲ್ಲಿಯ ಗೆರೆಗಳಲ್ಲಿ ಸರಿಯಾಗಿ ಕೂತಿವೆಯೇ ಎಂದು ಬೆರಳಾಡಿಸಿ ನೋಡಿ, ಬಿಗಿ ಮಾಡಿದೆ. ರೇಡಿಯೇಟರಿಗೆ ನೀರು ತುಂಬಿದೆ. ಬೀರಪ್ಪ ಸೀಟಿನಲ್ಲಿ ಕುಳಿತು ಚಾವಿ ತಿರುಗಿಸಿದ.

ಇಂಜಿನ್ ನರಳಿತು, ತಿರುಗಲಿಲ್ಲ.

“ತಡಿ, ಮತ್ತ ತಿರುವಬ್ಯಾಡ,” ಎಂದೆ. ಬ್ಯಾಟರಿಯ ತುದಿಗಳನ್ನು ಚಾಕುವಿನಿಂದ ಕೆರೆದು ಬಿಗಿ ಮಾಡಿದೆ. ಅದರಿಂದ ಉಪಯೋಗವಾದೀತೆಂಬ ನಂಬಿಕೆ ನನಗಿರಲಿಲ್ಲ, ಬೇರೆ ಮಾಡಲು ಏನೂ ಉಳಿದಿರಲಿಲ್ಲ. ಬೀರಪ್ಪ ಕಣ್ಣು ಮುಚ್ಚಿಕೊಂಡು ಚಾವಿ ತಿರುಗಿಸಿದ. ಇಂಜಿನ್ ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು, ಕೆಮ್ಮಿ ಕರಿಹೊಗೆ ಉಗುಳಿ ಹಿಡಿದುಕೊಂಡಿತು.

ಬೆಲ್ಟ್ ನೆಟ್ಟಗೆ ಓಡುತ್ತಿತ್ತು. ಚಾರ್ಜಿಂಗಿನ ಕೆಂಪು ದೀಪ ಆರಿತು. ನಾನು ಕಿಟಕಿಯ ಕಡೆಗೆ ಕೈಯೆತ್ತಿದೆ. ಒಳಗೆ ಕಾನ್ಸೆಂಟ್ರೇಟರ್ ಮತ್ತೆ ಗುಂಯ್‌ಗುಟ್ಟಿತು. ಸಿಲಿಂಡರ್ ಆಗಲೇ ಬರಿದಾಗಿತ್ತು, ಸಿದ್ದಪ್ಪನ ತುಟಿಗಳು ನೀಲಿಗಟ್ಟಿದ್ದವು. ತಲೆ ಹೆಂಡತಿಯ ಹೆಗಲ ಮೇಲೆ ಬಿದ್ದಿತ್ತು. ಆಕೆ ಅವರ ಬೆನ್ನು ತಿಕ್ಕುತ್ತ, “ಎಳೀರಿ, ಮೂಗಿಲೆ ಎಳೀರಿ,” ಎಂದು ಅಂದದ್ದನ್ನೇ ಅನ್ನುತ್ತಿದ್ದಳು. ಬಹಳ ಹೊತ್ತಿನ ಮೇಲೆ ಅವರು ತಲೆ ಎತ್ತಿದರು.

ಸಂಜೆಯ ತನಕ ನಾನು ಆ ಗಾಡಿ ಬಿಟ್ಟು ಕದಲಲಿಲ್ಲ. ಡೀಸೆಲ್ ಇಳಿದಂತೆ ಬೀರಪ್ಪ ಟ್ರ್ಯಾಕ್ಟರಿನಿಂದ ತೆಗೆದು ತಂದು ಸುರಿದ. ಊರಿನವರು ಕೊಡಲಿ, ಹಗ್ಗ ಹಿಡಿದು ರಸ್ತೆಯ ಮರಗಳನ್ನು ಕಡಿದು ಎಳೆದರು. ಬಿಸಿಲು ಇಳಿಯುವಾಗ ಅಂಬ್ಯುಲೆನ್ಸ್ ಬಂತು. ಗಂಡನನ್ನು ಅದರಲ್ಲಿ ಮಲಗಿಸಿದ ಮೇಲೆಯೇ ಮಹಾದೇವಿ ನನ್ನ ಹತ್ತಿರ ಬಂದು, “ಈಗ ಬಂದ್ ಮಾಡ್ರಿ ಅಣ್ಣಾ,” ಎಂದಳು. ಚಾವಿ ತಿರುಗಿಸಿದೆ. ಆಮೇಲೆ ಕಟ್ಟೆಯ ಮೇಲೆ ಕುಳಿತೆ. ಸುಟ್ಟ ಬೆರಳು ನೋಡಿ ಬೀರಪ್ಪ ಚಹಾದ ಕಪ್ಪನ್ನು ನನ್ನ ತುಟಿಗೆ ಹಿಡಿದ.

ಸಿದ್ದಪ್ಪ ಮಿರಜಿನಿಂದ ತಿರುಗಿ ಬಂದರು. ಅವರ ಕಾಯಿಲೆ ಗುಣವಾಗುವಂಥದ್ದಲ್ಲ. ಮರುವರ್ಷ ಚಳಿಗಾಲದಲ್ಲಿ, ಮನೆಯಲ್ಲಿಯೇ, ಕರೆಂಟ್ ಇದ್ದಾಗಲೇ ತೀರಿಕೊಂಡರು. ನಾನು ಮಣ್ಣು ಕೊಡಲು ಹೋದಾಗ ಮಹಾದೇವಿ, “ಒಂದು ವರ್ಷ ಸಿಕ್ತರಿ ಅಣ್ಣಾ,” ಎಂದಷ್ಟೇ ಅಂದಳು.

ಅದಾದ ಮೇಲೆ ನನ್ನ ಕೆಲಸದ ರೀತಿ ಒಂದು ವಿಷಯದಲ್ಲಿ ಬದಲಾಯಿತು. ಗಾಡಿ ಕೆಟ್ಟಿದೆ ಎಂದು ಯಾರು ಬಂದರೂ ಮೊದಲು ಗಾಡಿಯ ಬಗ್ಗೆ ಕೇಳುವುದನ್ನು ಬಿಟ್ಟೆ. “ಇದು ನಿಂತ್ರ ನಿಮ್ಮ ಮನ್ಯಾಗ ಏನ ನಿಲ್ಲತೈತಿ?” ಎಂದು ಕೇಳುತ್ತಿದ್ದೆ. ಹೆಚ್ಚಿನವರು ನಗುತ್ತಿದ್ದರು. ಕೆಲವರು ಮಾತ್ರ ನಗದೆ ಉತ್ತರ ಹೇಳುತ್ತಿದ್ದರು. ಅಂಥವರ ಗಾಡಿಯನ್ನು ಸಾಲಿನಲ್ಲಿ ಮುಂದೆ ತಂದು ನಿಲ್ಲಿಸುತ್ತಿದ್ದೆ.