ಬ್ಯಾಟರಿ ಭಾವ
ನಮ್ಮ ಭಾವ ಜೇಬಿನಲ್ಲಿ ಟಾರ್ಚ್ ಇಲ್ಲದೆ ಹೊಸಿಲು ದಾಟಿದವರಲ್ಲ. ಹಾಡಹಗಲಲ್ಲಿ ಕ್ಷೌರಕ್ಕೆ ಹೊರಟರೂ ಅದು ಜೊತೆಗಿರಬೇಕು. ಬೀದಿಯವರೆಲ್ಲ ಅವರನ್ನು ಕರೆಯುವುದೇ ಬ್ಯಾಟರಿ ಭಾವ ಎಂದು. ಚಾರ್ಜ್ ಮಾಡುವ ಸೆಲ್ಲುಗಳಿಗೆಲ್ಲ ನಂಬರು ಬರೆದು, ಜೋಡಿಜೋಡಿಯಾಗಿ ಡಬ್ಬಿಯಲ್ಲಿ ಮಲಗಿಸಿರುತ್ತಾರೆ. ಮೂರನೆಯದನ್ನು ತೆಗೆದು ಏಳನೆಯದರ ಪಕ್ಕ ಇಟ್ಟಿರೋ, ಮುಗಿಯಿತು ನಿಮ್ಮ ಕಥೆ. "ಒಟ್ಟಿಗೆ ಬಾಳಿದವನ್ನ ಯಾಕಪ್ಪಾ ಅಗಲಿಸ್ತೀಯ? ಗಟ್ಟಿಯಾಗಿರೋದರ ಜೊತೆ ಓಡೋಕೆ ಹೋಗಿ ಸುಸ್ತಾಗಿರೋದು ಸತ್ತೇ ಹೋಗುತ್ತೆ!" ಹೊಸ ಟಾರ್ಚ್ ಕೊಳ್ಳಲು ಹೋದರಂತೂ ಅಂಗಡಿಯವನಿಗೆ ಸಾಕುಸಾಕಾಗುತ್ತದೆ. "ಸಾರ್, ಇದು ಅರ್ಧ ಕಿಲೋಮೀಟರ್ ಹೊಡೆಯುತ್ತೆ" ಎಂದು ಅವನು ಉಬ್ಬಿದರೆ, "ಅಷ್ಟು ದೂರದಲ್ಲಿ ನನಗ್ಯಾರಿದ್ದಾರೆ?" ಎಂದು ಪಕ್ಕಕ್ಕಿಡುತ್ತಾರೆ. ಮಿಕ್ಕವರು ಗೋಡೆಗೆ ಬಿಟ್ಟು ನೋಡುವ ಬೆಳಕನ್ನು ಇವರು ತಮ್ಮ ಮುಖಕ್ಕೇ ಬಿಟ್ಟುಕೊಂಡು, ಕಣ್ಣು ಕುಕ್ಕಿದರೆ ಬೇಡವೆಂದು, ತಿಳಿ ಹಳದಿಯದನ್ನೇ ಆರಿಸುತ್ತಾರೆ. "ಸಿನಿಮಾಕ್ಕೆ ಸೇರ್ತೀರಾ ಭಾವ?" ಎಂದು ನಾನೂ ನಕ್ಕವನೇ. ಮೊನ್ನೆ ಸಂಜೆ ಅವರ ಮನೆಯಲ್ಲಿ ಗಂಡಹೆಂಡಿರು ಚಹಾಕ್ಕೆ ಸಕ್ಕರೆ ಹೆಚ್ಚಾಯಿತೆಂದು ಜೋರಾಗಿ ಜಗಳವಾಡುತ್ತಿದ್ದಾಗ ಕರೆಂಟು ಹೋಯಿತು. ಅಕ್ಕನಿಗೆ ಕಿವಿ ಕೇಳಿಸದೆ ಒಂಬತ್ತು ವರ್ಷ. ತುಟಿ ನೋಡಿಯೇ ಮಾತು ತಿಳಿಯಬೇಕು. ನಾನು ಮೊಬೈಲಿಗೆ ತಡಕಾಡುವಷ್ಟರಲ್ಲಿ ಭಾವ ಟಾರ್ಚ್ ತೆಗೆದು, ಕೈಚಾಚಿ, ತಮ್ಮ ಮುಖಕ್ಕೇ ಹಿಡಿದುಕೊಂಡಿದ್ದರು. ಅಕ್ಕ ಆ ತುಟಿಗಳನ್ನೇ ನೋಡುತ್ತಾ, "ಹೂಂ, ಈಗ ಹೇಳಿ, ಏನಂದ್ರಿ?" ಎಂದು ಜಗಳವನ್ನು ಬಿಟ್ಟಲ್ಲಿಂದಲೇ ಹಿಡಿದಳು.