ಆಯೇರಿ ಸಿಕ್ಕಿತು, ಮನೆ ಸಿಗಲಿಲ್ಲ

ಕಳೆದ ಬೇಸಿಗೆಯ ಮಾತು. ಇಂಡಿ ಊರಿನ ಒಬ್ಬ ಸಾವಕಾರರಿಗೆ ನಾಲ್ಕಂತಸ್ತಿನ ಬಾಡಿಗೆ ಮನೆಗಳ ಕಟ್ಟಡಕ್ಕೆ ನಾನು ನಕ್ಷೆ ಮಾಡಿಕೊಟ್ಟಿದ್ದೆ. ಸಿಮೆಂಟು, ಕಬ್ಬಿಣ ತಳಪಾಯಕ್ಕಷ್ಟೇ, ಮೇಲೆಲ್ಲ ಮರ. ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಒತ್ತಿದ ದಪ್ಪ ಗೋಡೆಗಳು. ಸಿಮೆಂಟಿನ ಕಾರ್ಖಾನೆ ಉಗುಳುವ ಹೊಗೆಯ ಪಾಲೂ ಕಡಿಮೆ, ನಮ್ಮ ಬಿಸಿಲಿಗೆ ಮನೆಯೂ ತಂಪು. "ಕಟ್ಟಿಗಿ ಮನಿ ಉರದು ಹೋದ್ರ ಏನ್ ಮಾಡ್ತೀರಿ?" ಎಂದು ಕೇಳಿದವರಿಗೆಲ್ಲ ಉತ್ತರ ಹೇಳಿ ಹೇಳಿ ನನ್ನ ಬಾಯಿ ಒಣಗಿತ್ತು.

ಬಡಿಗತನದ ಮೇಸ್ತ್ರಿ ಮೆಹಬೂಬಸಾಬ್. ತಲಬಾಗಿಲ ಚೌಕಟ್ಟು ನಿಲ್ಲಿಸಿದ ದಿನ ಪದ್ಧತಿಯಂತೆ ಸಾವಕಾರರು ಅವರಿಗೆ ಆಯೇರಿ ಮಾಡಿದರು. ಹೊಸ ಬಟ್ಟೆ ಕೊಟ್ಟು, ಕೈಯಾರೆ ರುಮಾಲು ಸುತ್ತಿ, "ಈ ಮನಿ ನಿಮ್ಮದಽ ಅಂತ ತಿಳೀರಿ" ಎಂದರು. ಪಾಪ, ಆ ಮನುಷ್ಯ ಹಾಗೆಯೇ ತಿಳಿದರು.

ಅವರ ಮಗಳು ರೇಷ್ಮಾ ಶಾಲೆಯ ಶಿಕ್ಷಕಿ. ನಾಲತವಾಡದಿಂದ ಇಂಡಿಗೆ ವರ್ಗವಾಗಿ ಬಂದು ತಗಡಿನ ಕೋಣೆಯೊಂದರಲ್ಲಿದ್ದಳು. ಎಳೆಗೂಸಿಗೆ ಮೈತುಂಬ ಬೆವರುಸಾಲೆ. ಕಟ್ಟಡ ಮುಗಿದ ಕೂಡಲೇ ಮೆಹಬೂಬಸಾಬ್ ಒಂದು ಮನೆ ಬಾಡಿಗೆಗೆ ಕೇಳಿದರು.

"ಎಲ್ಲಾ ತುಂಬ್ಯಾವರಿ" ಎಂದರಂತೆ ಸಾವಕಾರರು.

ನಾನು ಹೋಗಿ ನೋಡಿದರೆ ಗೇಟಿಗೆ 'ಮನೆ ಬಾಡಿಗೆಗೆ ಇದೆ' ಎಂಬ ಬೋರ್ಡು ನೇತಾಡುತ್ತಿದೆ! ನೆತ್ತಿಗೇರಿದ ಸಿಟ್ಟಿನಲ್ಲೇ ಸಾವಕಾರರ ಮನೆಗೆ ನುಗ್ಗಿದೆ.

"ನನಗೇನ್ ಭೇದ ಇಲ್ರಿ ಮೇಡಂ. ಅವರಿಗೆ ಕೊಟ್ರ ಉಳಿದ ಬಾಡಿಗಿಯವ್ರು ಏನಂತಾರು?"

"ಉಳಿದವ್ರು ಯಾರ್ರಿ? ಇನ್ನಾ ಒಬ್ರೂ ಬಂದಿಲ್ಲಲ್ಲ!"

"ಬರೋರು ಅಂತಾರ್ರಿ" ಎಂದರು, ನಾಚಿಕೆಯಿಲ್ಲದೆ.

ಬಾಯಿಗೆ ಬಂದಂತೆ ಬೈದೆ. ಅವರ ಮನೆಯ ಹೆಂಗಸರು ಹೊರಗೆ ಬಂದು ನೋಡುವಷ್ಟು. ಸಾವಕಾರರು ಜಗ್ಗಲಿಲ್ಲ, ಚಹಾ ತರಿಸಿದರು. ಮುಟ್ಟದೆ ಎದ್ದು ಬಂದೆ.

ಮೆಹಬೂಬಸಾಬರ ಎದುರು ನಿಲ್ಲಲು ನನಗೇ ಮುಖವಿರಲಿಲ್ಲ. ಅವರೇ ನನಗೆ ಸಮಾಧಾನ ಹೇಳಿದರು: "ಬಿಡ್ರಿ ಮೇಡಂ, ನಮಗ ರೂಢಿ ಐತಿ." ಸಾವಕಾರರ ಮಾತಿಗಿಂತ ಈ ಮಾತೇ ನನ್ನನ್ನು ಹೆಚ್ಚು ಸುಟ್ಟಿತು. ರೇಷ್ಮಾ ಈಗ ಕೂಸನ್ನು ತಾಯಿಯ ಬಳಿ ಝಳಕಿಯಲ್ಲಿ ಬಿಟ್ಟು, ಅಲ್ಲಿಂದ ಇಂಡಿಗೆ ದಿನಾ ಬಸ್ಸಿನಲ್ಲಿ ಓಡಾಡುತ್ತಾಳೆ.

ಮೊನ್ನೆ ಮುದ್ದೇಬಿಹಾಳದಿಂದ ಒಬ್ಬರು ಫೋನ್ ಮಾಡಿ, ಅಂಥದ್ದೇ ಮರದ ಕಟ್ಟಡ ಬೇಕೆಂದರು. "ಯಾರ್ಯಾರಿಗೆ ಬಾಡಿಗಿ ಕೊಡ್ತೀರಿ, ಮೊದ್ಲ ಹೇಳ್ರಿ" ಎಂದೆ.

"ಅದನ್ಯಾಕ ಕೇಳ್ತೀರಿ? ನಿಮ್ಮ ಕೆಲಸ ನಕ್ಷೆ ಮಾಡೂದಷ್ಟ" ಎಂದು ಫೋನ್ ಇಟ್ಟರು.

ಆ ಕೆಲಸ ಹೋಯಿತು. ಹೋಗಲಿ. ಇನ್ನೊಬ್ಬರು ಕೇಳಿದರೂ ಮೊದಲು ಅದನ್ನೇ ಕೇಳುತ್ತೇನೆ.